ಹಂಡೆಯ ಹಿಂದಿನ ಗೋಡೆ

ಅವ್ವನ ಮೈ ತೊಳೆಯಲು ನಾವು ಮೂವರು ಹೆಂಗಸರು ಬಚ್ಚಲಿನ ಬಾಗಿಲು ಹಾಕಿಕೊಂಡಾಗ ಹೊರಗೆ ಬಿಸಿಲು ಏರಿತ್ತು. ನಾನು, ತಮ್ಮ ವೀರೇಶನ ಹೆಂಡತಿ ಸುಮಾ, ಮತ್ತು ಬಳಗಾನೂರಿನಿಂದ ಮೊದಲ ಬಸ್ಸಿಗೇ ಬಂದಿದ್ದ ಚಿಗವ್ವ. ಚಿಗವ್ವ ಎಂದರೆ ಅವ್ವನ ಬೆನ್ನಿಗೆ ಹುಟ್ಟಿದ ತಂಗಿ, ಶಾಂತಮ್ಮ. ಪಡಸಾಲೆಯಲ್ಲಿ ಭಜನೆಯವರು ತಾಳ ಕುಟ್ಟುತ್ತಿದ್ದರು. ಬಚ್ಚಲಿನೊಳಗೆ ಆ ತಾಳ ನೀರಿನ ತಳದಿಂದ ಬಂದ ಹಾಗೆ ಕೇಳುತ್ತಿತ್ತು. ಅವ್ವ ಎಷ್ಟೋ ವರ್ಷಗಳಿಂದ ಮೊಣಕೈ ದಾಟಿ ಬರುವ ಕುಪ್ಪಸವನ್ನೇ ತೊಡುತ್ತಿದ್ದಳು. ಮೈ ಸೆಟೆದಿದ್ದರಿಂದ ತೋಳು ಬಿಚ್ಚಲು ಬರಲಿಲ್ಲ. ಕತ್ತರಿ ತರಿಸಿ ನಾನೇ ಕತ್ತರಿಸಿದೆ. ಮೊಣಕೈಯ ಒಳಮಡಿಕೆಯಲ್ಲಿ ಅಂಗೈಯಷ್ಟು ಅಗಲದ ಕಪ್ಪು ಕಲೆ ಇತ್ತು. ಬರೀ ಕಲೆಯಲ್ಲ, ಚರ್ಮ ದಪ್ಪಗಾಗಿ, ಹಳೆಯ ಚಪ್ಪಲಿಯ ತೊಗಲಿನಂತೆ ಗೆರೆಗೆರೆಯಾಗಿ, ಅದರ ಮೇಲೆ ಉಗುರಿನ ಹಸಿ ಗೀರುಗಳು. ಇನ್ನೊಂದು ಕೈ ನೋಡಿದೆ. ಅಲ್ಲೂ ಅದೇ. ಹೊರಳಿಸಿದಾಗ ಎರಡೂ ಮೊಣಕಾಲಿನ ಹಿಂದೆ, ಕಡೆಗೆ ತುರುಬು ಎತ್ತಿದಾಗ ಕುತ್ತಿಗೆಯ ಹಿಂದೆ. ಒಟ್ಟು ಐದು ಕಡೆ. ನನಗೆ ಆ ಐದೂ ಜಾಗ ಗೊತ್ತಿದ್ದವು. ನಾನು ಸಣ್ಣವಳಿದ್ದಾಗ ನನ್ನ ಮೈಮೇಲೆ ಇಸುಬು ಕೂತಿದ್ದದ್ದು ಅವೇ ಐದು ಕಡೆ.

"ಚಿಗವ್ವಾ, ಇದು ಯಾವಾಗಿಂದ?"

"ನೀರ ಹಾಕು ಪಾರಿ. ನೀರ ಆರಾಕತ್ತಾವ."

"ಚಿಗವ್ವಾ..."

"ಹಾಕವ್ವಾ. ಹೊರಗ ಮಂದಿ ಕುಂತಾರ."

ನೀರು ಹಾಕಿದೆ. ವಿಭೂತಿ ಹಚ್ಚುವಾಗ ಆ ಕಲೆಗಳ ಮೇಲೆ ಅದು ನಿಲ್ಲದೆ ಉದುರುತ್ತಿತ್ತು. ಅವ್ವನನ್ನು ಕೂರಿಸಿ, ಹೂವು ಮುಡಿಸಿ, ಮಣ್ಣಿಗೆ ಇಟ್ಟು ಬಂದ ಮೇಲೂ ನನ್ನ ತಲೆಯಲ್ಲಿ ಒಂದೇ ಮಾತು ಉಳಿಯಿತು. ನನ್ನ ಇಸುಬು ನನ್ನ ಹನ್ನೆರಡನೆಯ ವರ್ಷಕ್ಕೆ ಸಂಪೂರ್ಣ ಹೋಗಿತ್ತು. ಹೋಗಿದ್ದು ಎಲ್ಲಿಗೆ? ಅವ್ವ ಅದನ್ನು ತನ್ನ ಮೈಮೇಲೆ ಎಳೆದುಕೊಂಡಳೇ? ಎಳೆದುಕೊಂಡಿದ್ದರೆ ಅದಕ್ಕೆ ಕಾರಣ ನಾನೇ ಎಂಬುದಕ್ಕೆ ನನ್ನ ಹತ್ತಿರ ಒಂದು ನೆನಪಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಮಸ್ಕಿಯ ನಮ್ಮ ಮನೆ ಮಣ್ಣಿನ ಮಾಳಿಗೆಯದು, ಚಪ್ಪಟೆ ಛಾವಣಿಯದು. ಮುಂದೆ ಕಟ್ಟೆ, ಅದರ ಹಿಂದೆ ಪಡಸಾಲೆ, ಎಡಕ್ಕೆ ಅಡುಗೆಮನೆ, ಬಲಕ್ಕೆ ಅಪ್ಪನ ಕಿರಾಣಿ ಅಂಗಡಿಯ ಚೀಲಗಳನ್ನು ಒಟ್ಟುತ್ತಿದ್ದ ಕತ್ತಲೆ ಕೋಣೆ. ಆ ಕೋಣೆಯಲ್ಲಿ ಕೊಬ್ಬರಿ, ಬೆಲ್ಲ, ಮೆಣಸಿನಕಾಯಿಯ ವಾಸನೆಗಳು ಒಂದರೊಳಗೊಂದು ಸೇರಿ ಬೇರೆಯದೇ ಒಂದು ವಾಸನೆಯಾಗಿದ್ದವು. ಎಲ್ಲದರ ಹಿಂದೆ, ಅಂಗಳ ದಾಟಿ, ಬಚ್ಚಲು. ಬಚ್ಚಲಿಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಮಧ್ಯಾಹ್ನ ಅದರಿಂದ ಬಿಸಿಲಿನ ಒಂದು ಕೋಲು ನೇರ ಇಳಿದು ಕಲ್ಲುಹಾಸಿನ ಮೇಲೆ ನಿಲ್ಲುತ್ತಿತ್ತು. ಮೂಲೆಯಲ್ಲಿ ಮಣ್ಣಿನ ಒಲೆಯ ಮೇಲೆ ತಾಮ್ರದ ಹಂಡೆ. ಹಂಡೆಗೂ ಹಿಂದಿನ ಗೋಡೆಗೂ ನಡುವೆ ಒಬ್ಬ ಮನುಷ್ಯ ಅಡ್ಡ ನಿಲ್ಲುವಷ್ಟು ಸಂದು. ಅಲ್ಲಿ ಬೆಳಕು ಬೀಳುತ್ತಿರಲಿಲ್ಲ. ಕಟ್ಟಿಗೆ, ಹಳೆಯ ಕಸಬರಿಗೆ ಅಲ್ಲಿರುತ್ತಿದ್ದವು. ಚೇಳು ಇದ್ದಾವು ಎಂದು ನಮ್ಮನ್ನು ಅತ್ತ ಬಿಡುತ್ತಿರಲಿಲ್ಲ.

ಇಸುಬು ಏನೆಂದು ಅದು ಇದ್ದವರಿಗೇ ಗೊತ್ತು. ಮೊದಲು ತುರಿಕೆ, ಆಮೇಲೆ ಕೆಂಪು, ಕೆರೆದರೆ ನೀರು ಒಸರುವುದು, ಒಣಗಿದರೆ ಹೊಟ್ಟು ಏಳುವುದು. ಬೇಸಿಗೆಯಲ್ಲಿ ಬೆವರಿಗೆ ಉರಿ, ಚಳಿಗಾಲದಲ್ಲಿ ಬಿರುಕು. ಬೆಳಿಗ್ಗೆ ನನ್ನ ಹಾಸಿಗೆ ಕೊಡವಿದರೆ ಅವಲಕ್ಕಿಯ ಪುಡಿಯಂತೆ ಬೆಳ್ಳಗೆ ಉದುರುತ್ತಿತ್ತು. ನಮ್ಮ ಬಾವಿಯ ನೀರು ಸವಳು; ಅದನ್ನು ಹಾಕಿಕೊಂಡ ದಿನ ಮೈ ಬಿಗಿದು ಹರಿಯುತ್ತದೆಯೇನೋ ಅನ್ನಿಸುತ್ತಿತ್ತು. ಶಾಲೆಯಲ್ಲಿ ನನ್ನ ಪಕ್ಕದ ಹುಡುಗಿ ತನ್ನ ಪಾಟಿಚೀಲವನ್ನು ನಡುವೆ ಗೋಡೆಯಂತೆ ಇಡುತ್ತಿದ್ದಳು. ಮನೆಯಲ್ಲಿ ಅಪ್ಪನ ತಾಯಿ ಇದ್ದಳು. ನಮ್ಮ ಕಡೆ ಅಜ್ಜಿಗೆ ಅಮ್ಮ ಅನ್ನುತ್ತೇವೆ. ಅಮ್ಮ ಕೆಟ್ಟವಳಲ್ಲ, ಆದರೆ ಅವಳ ಬಾಯಿ ಬಿಡುವು ಕೊಡುತ್ತಿರಲಿಲ್ಲ. ರೊಟ್ಟಿ ತಟ್ಟುತ್ತಿದ್ದ ಅವ್ವನ ಬೆನ್ನಿಗೆ ಕೂತು ಮಾತು ಶುರು ಮಾಡುತ್ತಿದ್ದಳು.

"ನಮ್ಮ ಮನಿತನದಾಗ ಯಾರ ಮೈಯಾಗೂ ಇಂಥಾದ್ದು ಇಲ್ಲ. ನಾಕು ಮಕ್ಕಳ ಹಡದೀನಿ, ನಾಕರ ಮೈ ಕನ್ನಡಿ ಇದ್ದಂಗ. ಈ ಹುಡುಗಿಗೆ ಎಲ್ಲಿಂದ ಬಂತು ನೀಲವ್ವಾ, ನೀನ ಹೇಳು."

"ನನಗೇನ ಗೊತ್ತ್ರೀ ಅತ್ತಿ."

"ನಿಮ್ಮ ತವರಾಗ ಯಾರಿಗರ ಐತೇನು?"

"ಇಲ್ರೀ."

ಆ "ಇಲ್ರೀ" ಹೇಳುವಾಗ ಅವ್ವ ತಟ್ಟುತ್ತಿದ್ದ ರೊಟ್ಟಿ ಒಂದು ಅಂಚಿನಲ್ಲಿ ಹರಿಯುತ್ತಿತ್ತು. ನಾನು ಎದುರಿಗೆ ಕೂತು ನೋಡುತ್ತಿದ್ದೆ. ರೊಟ್ಟಿ ಹರಿದದ್ದಕ್ಕೆ ಅಮ್ಮ ಮತ್ತೊಂದು ಮಾತು ಆಡುತ್ತಿದ್ದಳು.

ನನಗೆ ಏಳು ವರ್ಷ ಇದ್ದಾಗ ಅಮ್ಮ ಒಂದು ಔಷಧ ಮಾಡಿದಳು. ಬಟ್ಟೆಗೆ ಗುರುತು ಹಾಕಲು ಅಗಸರು ಇಟ್ಟುಕೊಳ್ಳುವ ಕೇರು ಬೀಜ ಇದೆಯಲ್ಲ, ಅದನ್ನು ಸೂಜಿಗೆ ಚುಚ್ಚಿ ದೀಪಕ್ಕೆ ಹಿಡಿದರೆ ಕಪ್ಪು ಎಣ್ಣೆ ಒಸರುತ್ತದೆ. ಹಿಮ್ಮಡಿ ಒಡೆದವರು ಅದನ್ನು ಮುಟ್ಟಿಸಿಕೊಳ್ಳುವುದನ್ನು ಅಮ್ಮ ನೋಡಿದ್ದಳು. ದಪ್ಪ ಹಿಮ್ಮಡಿಗೆ ಆಗುವುದು ಮಗುವಿನ ಮಡಿಕೆಗೂ ಆದೀತು ಎಂದುಕೊಂಡಳು. ಅವ್ವ ಹೊಳೆದಂಡೆಗೆ ಬಟ್ಟೆ ಒಗೆಯಲು ಹೋಗಿದ್ದಳು. ಅಮ್ಮ ನನ್ನನ್ನು ಬೋರಲು ಮಲಗಿಸಿ ಎಡ ಮೊಣಕಾಲಿನ ಹಿಂದೆ ಮೂರು ಹನಿ ಇಟ್ಟಳು. ಆಗ ಏನೂ ಆಗಲಿಲ್ಲ. ಅಮ್ಮ ಬೆಲ್ಲ ಕೊಟ್ಟಳು. ಮರುದಿನ ಮುಂಜಾನೆ ಅಲ್ಲಿ ಗುಳ್ಳೆ ಎದ್ದು, ಸಂಜೆಯ ಹೊತ್ತಿಗೆ ಕಾಲು ಮಡಚಲು ಬಾರದೆ, ಜ್ವರ ಬಂದು ನಾನು ಏನೇನೋ ಬಡಬಡಿಸಿದೆನಂತೆ. ದವಾಖಾನೆಗೆ ಒಯ್ದರು. ಆ ಗುರುತು ಈಗಲೂ ಇದೆ, ಹುಣಸೆಬೀಜದಷ್ಟು ದೊಡ್ಡ ಮೂರು ಕಪ್ಪು ಚುಕ್ಕೆ. ಅಡವಿಯಲ್ಲಿ ಬೆಳೆದದ್ದು ಏನೂ ಕೇಡು ಮಾಡುವುದಿಲ್ಲ ಎಂಬ ನಂಬಿಕೆ ನಮ್ಮ ಮನೆಯಲ್ಲಿ ಆ ದಿನಕ್ಕೆ ಮುಗಿಯಿತು. ಅಮ್ಮ ಎರಡು ದಿನ ಊಟ ಮಾಡಲಿಲ್ಲ. ಜ್ವರದಲ್ಲಿದ್ದ ನನಗೆ ತಿಳಿಯದ ಒಂದು ಮಾತು ಅಡುಗೆಮನೆಯಲ್ಲಿ ನಡೆಯಿತು. ಅದನ್ನು ನಾನು ಕೇಳಿದ್ದು ಐವತ್ತು ವರ್ಷಗಳ ಮೇಲೆ.

ಆಮೇಲೆ ನನ್ನ ಮೈ ಅವ್ವನ ಕೆಲಸವಾಯಿತು. ಅಮ್ಮ ಹತ್ತಿರ ಬರಲಿಲ್ಲ. ಸಾಬೂನು ಬಂದ್ ಆಯಿತು; ಅದರ ಬದಲು ಹೆಸರು ಹಿಟ್ಟನ್ನು ಅನ್ನದ ಗಂಜಿಯಲ್ಲಿ ಕಲಸಿ, ಉಜ್ಜದೆ, ಬರೀ ಸವರುವಳು. ಬಾವಿ ನೀರು ಬಿಟ್ಟು ಕಾಲುವೆಯ ನೀರು ಎರಡು ಕೊಡ ತಾನೇ ಹೊತ್ತು ತರುವಳು. ನೀರು ಬಿಸಿ ಇರಬಾರದು, ಹಾಲಿನ ಹದಕ್ಕೆ ಆರಿರಬೇಕು. ಮೈ ಒರೆಸಲು ಅಪ್ಪನ ತೊಳೆದು ತೊಳೆದು ಮೆತ್ತಗಾದ ಧೋತರದ ತುಂಡು. ಮೈ ಪೂರ್ತಿ ಒಣಗುವುದರೊಳಗೆ ಎಣ್ಣೆ. ಅಪ್ಪನ ಅಂಗಡಿಯ ಕೊಬ್ಬರಿಯನ್ನು ಗಾಣಕ್ಕೆ ಕೊಟ್ಟು ತೆಗೆಸಿದ ಎಣ್ಣೆ ಅದು. ಅದರಲ್ಲಿ ಒಮ್ಮೆ ಬೇವಿನ ಚಿಗುರು ಕಾಯಿಸಿ ಸೋಸುವಳು, ಒಮ್ಮೆ ಅರಿಷಿಣ ಕೊಂಬು, ಒಮ್ಮೆ ಲೋಳಸರದ ತಿರುಳು. ಹೊಸದೇನಾದರೂ ಕಾಯಿಸಿದ ದಿನ ಮಾತ್ರ ಹಚ್ಚುತ್ತಿರಲಿಲ್ಲ.

"ಇವತ್ತ ಬ್ಯಾಡ, ನಾಳಿ. ಎಣ್ಣಿ ಕುಂದರಬೇಕು."

ಎಣ್ಣೆ ಹೇಗೆ ಕೂರುತ್ತದೆ ಎಂದು ನಾನು ಬಟ್ಟಲನ್ನು ನೋಡುತ್ತಿದ್ದೆ. ಮರುದಿನ ಕೆಲವು ಬಟ್ಟಲು ನನಗೆ ಬರುತ್ತಿದ್ದವು. ಕೆಲವನ್ನು ಅವ್ವ ಏನೂ ಹೇಳದೆ ಅಂಗಳದ ಮೂಲೆಗೆ ಚೆಲ್ಲುತ್ತಿದ್ದಳು. ಅರಿಷಿಣದ ಎಣ್ಣೆ ಚೆಲ್ಲಿದಳು. ಲೋಳಸರದ್ದು ಎರಡು ಸಲ ಚೆಲ್ಲಿದಳು. ಬೇವಿನದು ಬಹಳ ತೆಳ್ಳಗೆ ಕಾಯಿಸಿದಾಗ ಮಾತ್ರ ಉಳಿಯಿತು. ಕಡೆಗೆ ಹೆಚ್ಚಿನ ದಿನ ಬರೀ ಕೊಬ್ಬರಿ ಎಣ್ಣೆಯೇ.

ಈ ಸ್ನಾನ ನಡೆಯುತ್ತಿದ್ದದ್ದು ಮಟಮಟ ಮಧ್ಯಾಹ್ನ. ಅಪ್ಪ ಅಂಗಡಿಯಲ್ಲಿ, ವೀರೇಶ ತೊಟ್ಟಿಲಲ್ಲಿ, ಅಮ್ಮ ಪಡಸಾಲೆಯಲ್ಲಿ ನಿದ್ದೆಯಲ್ಲಿ. ಗುಡ್ಡದ ಬಂಡೆಗಳ ಕಾವು ಊರಿನ ಮೇಲೆ ಇಳಿದು ನಾಯಿ ಸಹ ಬೊಗಳದ ಹೊತ್ತು. ಬೆಳಕಿಂಡಿಯ ಬಿಸಿಲ ಕೋಲಿನಲ್ಲಿ ಧೂಳು ನಿಂತಿರುತ್ತಿತ್ತು, ಆಡುತ್ತಿರಲಿಲ್ಲ. ಅವ್ವ ಐದೂ ಜಾಗಕ್ಕೆ ಎಣ್ಣೆ ಹಚ್ಚಿ ಮುಗಿಸಿದ ಮೇಲೆ ಅಂಗೈಗೆ ಉಳಿದ ಎಣ್ಣೆಯನ್ನು ಸೆರಗಿಗೆ ಒರೆಸುತ್ತಿರಲಿಲ್ಲ, ತನ್ನ ಮೈಗೂ ಸವರಿಕೊಳ್ಳುತ್ತಿರಲಿಲ್ಲ. ಬೇನೆಯ ಮೈ ಮುಟ್ಟಿದ ಎಣ್ಣೆ ಬಟ್ಟೆಗೆ ಹೋದರೆ ಬಟ್ಟೆ ತೊಟ್ಟವರಿಗೆ, ಮೈಗೆ ಹೋದರೆ ಆ ಮೈಗೆ ಎನ್ನುವುದು ಅವ್ವನ ತವರಿನ ಪದ್ಧತಿ. ಎದ್ದು ಹೋಗಿ ಸುಣ್ಣದ ಗೋಡೆಗೆ ಅಂಗೈ ಒತ್ತುತ್ತಿದ್ದಳು.

"ಕೂಸಿನ ಮೈಯಾಗಿಂದು ನನ್ನ ಕೈಗೆ, ನನ್ನ ಕೈಯಾಗಿಂದು ಗ್ವಾಡಿಗೆ. ಸುಣ್ಣ ತಿನ್ನಲಿ."

ಹೀಗೆ ದಿನಕ್ಕೊಂದು ಕೈ. ನನ್ನ ಎದುರಿನ ಗೋಡೆ ಕೈಗಳಿಂದ ತುಂಬುತ್ತಾ ಬಂತು. ಕಂದು ಬಣ್ಣದ, ಬೆರಳು ಅಗಲಿಸಿದ, ಒಂದರ ಮೇಲೊಂದು ಬಿದ್ದ ಕೈಗಳು. ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದರು. ನಾಲ್ಕು ತಿಂಗಳು ಗೋಡೆ ಬೆಳ್ಳಗೆ ಇರುತ್ತಿತ್ತು. ಬಿಸಿಲು ಬಲಿಯುತ್ತಿದ್ದಂತೆ ಕೈಗಳು ಸುಣ್ಣದ ಒಳಗಿನಿಂದ ಒಂದೊಂದಾಗಿ ಮೇಲೆ ಬರುತ್ತಿದ್ದವು, ಮೊದಲು ಬೆರಳ ತುದಿ, ಆಮೇಲೆ ಅಂಗೈ. ಯಾರೋ ಗೋಡೆಯ ಆ ಕಡೆಯಿಂದ ಒತ್ತುತ್ತಿದ್ದಾರೆ ಅನ್ನಿಸುತ್ತಿತ್ತು. ಒಂದು ಬೇಸಿಗೆ, ನನಗೆ ಒಂಬತ್ತು ವರ್ಷ, ಕಲ್ಲಿನ ಮೇಲೆ ಬೆತ್ತಲೆ ಕೂತಿದ್ದೆ. ಬಿಸಿಲ ಕೋಲು ಗೋಡೆಯ ಬುಡಕ್ಕೆ ಸರಿದಿತ್ತು. ಒಂದು ಅಂಗೈಯ ನಡುವೆ ಸಣ್ಣ ಹನಿ ಮೂಡಿ, ಮಿನುಗಿ, ಕೆಳಗೆ ಇಳಿಯಿತು. ಆಮೇಲೆ ಇನ್ನೊಂದು ಕೈಯಲ್ಲಿ.

"ಅವ್ವಾ, ಗ್ವಾಡ್ಯಾಗಿನ ಕೈ ಬೆವರಾಕತ್ತಾವ."

"ಎಣ್ಣಿ ಅದು. ಬಿಸಲಿಗೆ ಕರಗೈತಿ."

"ಅವು ನನ್ನ ಕಡಿ ಬರಾಕತ್ತಾವ. ನೀ ಒತ್ತಬ್ಯಾಡ. ಒತ್ತಿದ್ರ ನಾ ಇಲ್ಲಿ ಬರಾಂಗಿಲ್ಲ, ಎಣ್ಣೀನೂ ಹಚ್ಚಿಸ್ಕೊಳ್ಳಾಂಗಿಲ್ಲ."

ಅಂದು ನಾನು ಉಸಿರು ಕಟ್ಟುವಂತೆ ಅತ್ತೆ. ಅವ್ವ ಎಣ್ಣೆಯ ಕೈಯನ್ನು ಮುಂದೆ ಹಿಡಿದುಕೊಂಡು ಬಹಳ ಹೊತ್ತು ಗೋಡೆಯನ್ನೂ ನನ್ನನ್ನೂ ನೋಡಿದಳು. ಆಮೇಲೆ ಕುಪ್ಪಸದ ತೋಳಿನೊಳಗೆ ಕೈ ತೂರಿಸಿ ತನ್ನ ಮೊಣಕೈಗೆ ಸವರಿಕೊಂಡಳು.

"ತಗೋ, ಮುಗೀತು. ಇನ್ನ ಒತ್ತಾಂಗಿಲ್ಲ. ಸುಮ್ಮನಾಗು."

ಇದೇ ಆ ನೆನಪು. ಗೋಡೆಗೆ ಹೋಗಬೇಕಾದದ್ದನ್ನು ನಾನು ಅವ್ವನ ಮೈಗೆ ತಿರುಗಿಸಿದ್ದೆ.

ಅಂದಿನಿಂದ ನನ್ನ ಎದುರು ಅವ್ವ ಒಂದು ದಿನವೂ ಗೋಡೆ ಮುಟ್ಟಲಿಲ್ಲ. ಆದರೆ ಬಚ್ಚಲು ಸುಮ್ಮನಾಗಲಿಲ್ಲ. ಸ್ನಾನ ಮಾಡಿಸಿ ನನ್ನನ್ನು ಹೊರಗೆ ಕಳಿಸಿ ಅವ್ವ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು, ಬಟ್ಟೆ ಜಾಲಿಸುತ್ತೇನೆ ಎಂದು. ನಾನು ಅಂಗಳದ ಬೇವಿನ ನೆರಳಿನಲ್ಲಿ ಕೂತಿರುತ್ತಿದ್ದೆ. ನೀರಿನ ಸದ್ದು ಇರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೆರೆಯುವ ಸದ್ದು ಬರುತ್ತಿತ್ತು. ಆ ಸದ್ದನ್ನು ನಾನು ತಪ್ಪು ತಿಳಿಯುವ ಹಾಗಿರಲಿಲ್ಲ. ಉಗುರು ಒಣಚರ್ಮದ ಮೇಲೆ ಹೋಗಿ ಬರುವ ಸದ್ದು ನನ್ನದೇ ಸದ್ದು. ನನ್ನ ಕೈ ನೋಡಿಕೊಳ್ಳುತ್ತಿದ್ದೆ. ನನ್ನ ಎರಡೂ ಕೈ ತೊಡೆಯ ಮೇಲೆ ಸುಮ್ಮನೆ ಇರುತ್ತಿದ್ದವು. ಒಮ್ಮೆ ಅವ್ವನನ್ನು ಕೇಳಿದೆ.

"ಬಚ್ಚಲದಾಗ ಯಾರ ಕೆರಕೊಳ್ಳಾಕತ್ತಿದ್ರು?"

ಅವ್ವ ನಕ್ಕಳು. ನಗುವಾಗ ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡಳು.

"ಗ್ವಾಡಿಗೂ ತುರಸ್ತೈತವ್ವಾ. ಅಷ್ಟ ಕೈ ಕೊಟ್ಟೀವಲ್ಲ ಅದಕ್ಕ, ಕೆರಕೊಳ್ಳವಲ್ದ್ಯಾಕ."

ಆಕೆ ಹೇಳಿದ್ದು ಚೇಷ್ಟೆಗೆ. ನನಗೆ ಮಾತ್ರ ಎಷ್ಟೋ ದಿನ ಬಚ್ಚಲಿಗೆ ಒಬ್ಬಳೇ ಹೋಗಲು ಧೈರ್ಯ ಬರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತರೆ ಬೆನ್ನಿಗೆ ತಣ್ಣಗೆ ಏನೋ ತಾಗುವುದೆನ್ನಿಸುತ್ತಿತ್ತು. ಎದುರಿಗೆ ಕೂತರೆ ಕೈಗಳು. ವರ್ಷಗಳು ಹೋದವು. ನನ್ನ ಮಡಿಕೆಗಳು ಒಂದೊಂದಾಗಿ ತಿಳಿಯಾದವು. ಮೊದಲು ಕುತ್ತಿಗೆ, ಆಮೇಲೆ ಮೊಣಕೈ, ಕಡೆಗೆ ಮೊಣಕಾಲು. ಹನ್ನೆರಡಕ್ಕೆ ಮೈ ಪೂರ್ತಿ ನುಣುಪಾಯಿತು. ಅಮ್ಮ ತನ್ನ ಮಂದಕಣ್ಣಿನ ಹತ್ತಿರ ನನ್ನ ಕೈ ಎಳೆದು ತಡವಿ ನೋಡಿ, "ನಮ್ಮ ಮನಿ ಮೈ ಬಂತು ನೋಡು ಈಗ" ಎಂದಳು. ಹತ್ತನೆಯ ತರಗತಿ ಮುಗಿಸಿದೆ, ಲಿಂಗಸುಗೂರಿಗೆ ಕೊಟ್ಟರು, ಅಲ್ಲಿ ಅಂಗನವಾಡಿಯಲ್ಲಿ ಕೆಲಸ ಮಾಡಿದೆ. ಹಬ್ಬಕ್ಕೆ ಬಂದಾಗ ಅವ್ವನ ಉದ್ದ ತೋಳು ನೋಡಿ ಸುಮಾ ಮತ್ತು ನಾನು ನಗುತ್ತಿದ್ದೆವು, ಹಳೇ ಕಾಲದಾಕಿ ಎಂದು. ವೀರೇಶ ಮನೆಯೊಳಗೆ ಟೈಲ್ಸ್ ಹಾಕಿದ ಹೊಸ ಬಾತ್‌ರೂಮ್ ಕಟ್ಟಿಸಿದ. ಅವ್ವ ಮಾತ್ರ ಕಡೆಯವರೆಗೂ ಅಂಗಳ ದಾಟಿ ಹಳೆಯ ಬಚ್ಚಲಿಗೇ ಹೋದಳು. ಹೋದವಳು ಬೇಗ ಬರುತ್ತಿರಲಿಲ್ಲ. ಇಷ್ಟು ಹೊತ್ತು ಏನ್ ಮಾಡ್ತಿ ಎಂದು ನಾವು ಕೇಳಿದ್ದು ಬೇಸರಕ್ಕೆ, ತಿಳಿಯಲಿಕ್ಕಲ್ಲ.

ಮಣ್ಣು ಮಾಡಿದ ನಾಲ್ಕನೆಯ ದಿನ ನನ್ನ ಎಡ ಮೊಣಕಾಲಿನ ಹಿಂದೆ ತುರಿಕೆ ಶುರುವಾಯಿತು. ಕೇರಿನ ಮೂರು ಚುಕ್ಕೆಗಳ ಸುತ್ತ. ನಲವತ್ತಾರು ವರ್ಷ ಇಲ್ಲದ್ದು. ಸೊಳ್ಳೆ ಇರಬೇಕೆಂದುಕೊಂಡೆ. ಆರನೆಯ ದಿನ ಬಲಗಾಲು. ಆಮೇಲೆ ಎರಡೂ ಮೊಣಕೈ. ಹಿಡಿದುಕೊಂಡಿದ್ದವಳು ಹೋದಳು, ಅದು ದಾರಿ ಹಿಡಿದು ಮರಳಿ ಬಂತು. ಹೀಗೆ ಅನ್ನಿಸಿದ್ದನ್ನು ಈಗ ಬರೆಯಲು ನಾಚಿಕೆಯಿಲ್ಲ. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ನಾನು ಅಂಗಳದಲ್ಲಿ ಕೂತು ಬಚ್ಚಲಿನ ಬಾಗಿಲನ್ನು ನೋಡುತ್ತಿದ್ದೆ. ಆ ಸದ್ದು ಬಂತು. ಕೈ ನೋಡಿಕೊಂಡೆ. ಈ ಸಲ ಕೆರೆಯುತ್ತಿದ್ದದ್ದು ನನ್ನ ಕೈಯೇ.

ಅವ್ವನ ಹೆಸರಲ್ಲಿ ಮಾಡುವ ಶಿವಗಣಾರಾಧನೆಗೆ ಮುಂಚೆ ಮನೆಗೆಲ್ಲ ಸುಣ್ಣ ಆಗಬೇಕಿತ್ತು. ಹಳೆಯ ಬಚ್ಚಲನ್ನು ಕೆಡವಿಬಿಡೋಣ ಎಂದ ವೀರೇಶನಿಗೆ ಈಗ ಬೇಡ ಎಂದೆ. ಪ್ರತಿ ವರ್ಷ ಹಂಡೆ ಕದಲಿಸದೆ ಬಳಿಯುತ್ತಿದ್ದ ಸುಣ್ಣದವರು ಈ ಸಲ ಅದನ್ನು ಎಳೆದು ನಡುವೆ ಇಟ್ಟು, ಚಹಾಕ್ಕೆ ಹೊರಗೆ ಹೋದರು. ನಾನು ಕಸಬರಿಗೆ ಎತ್ತಿಡಲು ಒಳಗೆ ಹೋದೆ. ಬೆಳಕಿಂಡಿಯ ಬಿಸಿಲು ಹಂಡೆಯ ತಾಮ್ರಕ್ಕೆ ಬಿದ್ದು ಆ ಹಿಂದಿನ ಗೋಡೆಗೆ ಹಾರಿತ್ತು, ಪ್ರಾಯಶಃ ಮೊದಲ ಸಲ. ಗೋಡೆ ತುಂಬ ಕೈಗಳಿದ್ದವು. ಎದುರಿನ ಗೋಡೆಗಿಂತ ಎಷ್ಟೋ ಹೆಚ್ಚು. ಮೇಲಿನ ಸಾಲು ನನ್ನ ಹಣೆಯೆತ್ತರಕ್ಕೆ. ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಕೆಳಗೆ ಬಂದಂತೆ ಬೆರಳುಗಳು ಸೊಟ್ಟಗಾಗುತ್ತಾ ಬಂದಿದ್ದವು. ಎದೆಯೆತ್ತರ, ಸೊಂಟದೆತ್ತರ. ಅವ್ವನ ಬೆನ್ನು ಬಾಗಿದ್ದು ಹಾಗೆ ಗೋಡೆಯ ಮೇಲೆ ಕಾಣುತ್ತಿತ್ತು. ಎಲ್ಲಕ್ಕಿಂತ ಕೆಳಗಿನವು ನನ್ನ ಮೊಣಕಾಲಿನ ಮಟ್ಟಕ್ಕೆ, ಕಡೆಯ ವರ್ಷ ಆಕೆ ಮಣೆಯಿಂದ ಏಳಲಾರದೆ ಕೂತಲ್ಲೇ ಒತ್ತಿದ್ದು. ಬಗ್ಗಿ ಮುಟ್ಟಿದೆ. ಬೆರಳಿಗೆ ಎಣ್ಣೆ ಹತ್ತಿತು. ಸತ್ತು ಎಂಟು ದಿನವಾಗಿತ್ತು, ಅದು ಇನ್ನೂ ಆರಿರಲಿಲ್ಲ. ನಾನು ಕೂಗಿದೆನಂತೆ. ಚಿಗವ್ವ ಓಡಿ ಬಂದಳು. ಗೋಡೆ ನೋಡಿ ಆಕೆಗೆ ಆಶ್ಚರ್ಯವಾಗಲಿಲ್ಲ. ಹಂಡೆಯ ಕಂಠ ಹಿಡಿದು ಮೆಲ್ಲಗೆ ಕೆಳಗೆ ಕೂತಳು.

"ಚಿಗವ್ವಾ, ನನ್ನ ಬ್ಯಾನಿ ನಾ ಅವ್ವಗ ಹಚ್ಚೀನಿ. ಗ್ವಾಡಿಗೆ ಒತ್ತಬ್ಯಾಡ ಅಂತ ನಾನ ಅತ್ತಿದ್ದೆ."

"ಯಾರ ಹೇಳಿದ್ರು ನಿನಗ?"

"ಯಾರ ಹೇಳಬೇಕು? ಅವ್ವನ ಮೈ ನೀನೂ ನೋಡಿದಿ."

ಚಿಗವ್ವ ತಾಮ್ರವನ್ನು ಬೆರಳಿನಿಂದ ಉಜ್ಜಿದಳು.

"ಹುಚ್ಚಿ. ಅಕ್ಕಗ ಅದು ನಿನಕಿಂತ ಮೊದಲ ಇತ್ತು. ಸಣ್ಣಾಕಿದ್ದಾಗಿಂದ. ಬಳಗಾನೂರಾಗ ನಮ್ಮವ್ವ ಆಕಿಗೆ ಎಣ್ಣಿ ಹಚ್ಚಿ ಹಿಂಗ ಗ್ವಾಡಿಗೆ ಕೈ ಒತ್ತತಿದ್ಲು. ಮದವಿ ಮುಂದ ಸ್ವಲ್ಪ ಕಡಿಮಿ ಆಗಿತ್ತು, ಮುಚ್ಚಿ ಕೊಟ್ರು. ನಿಮ್ಮ ಅಮ್ಮಗ ಗೊತ್ತಾಗಿದ್ರ ಬಿಡ್ತಿದ್ಲೇನು? ನೀ ಹುಟ್ಟಿ, ನಿನ್ನ ಮೈಯಾಗ ಅದು ಕಂಡಾಗ, ಶಾಂತಾ, ನಾನ ಕೊಟ್ಟೀನಿ ಕೂಸಿಗೆ ಅಂತ ನನ್ನ ಮುಂದ ಅತ್ತಾಳ ನೋಡು. ನೀ ಒಬ್ಬಾಕಿನ ಅಳಲಿಲ್ಲ."

ಚಿಗವ್ವ ಅಂದು ಅಡುಗೆಮನೆಯಲ್ಲಿ ನಡೆದದ್ದನ್ನೂ ಹೇಳಿದಳು. ಕೇರಿನ ಗುಳ್ಳೆ ಎದ್ದ ದಿನ ಆಕೆ ಮಸ್ಕಿಯಲ್ಲೇ ಇದ್ದಳು. ಅವ್ವ ಅತ್ತೆಯ ಎದುರು ನಿಂತು ಜೀವನದಲ್ಲಿ ಒಮ್ಮೆ ದನಿ ಎತ್ತಿದ್ದು ಅಂದೇ: "ಇನ್ನ ಮ್ಯಾಲ ಈಕಿ ಮೈಗೆ ಏನ ಹಚ್ಚೋದಿದ್ರೂ ಮೊದಲ ನನ್ನ ಮೈಗೆ ಹಚ್ರಿ." ಎಣ್ಣೆ ಕೂರಬೇಕು ಎಂದ ದಿನಗಳಲ್ಲಿ ಅದು ಕೂರುತ್ತಿದ್ದದ್ದು ಅವ್ವನ ಮೊಣಕೈಯಲ್ಲಿ.

"ಆಕಿ ಮೈಗೆ ಒಗ್ಗಿದ್ದು ನಿನ್ನ ಮೈಗೂ ಒಗ್ಗತಿತ್ತು. ಉರಿದ್ರ ಚೆಲ್ಲತಿದ್ಲು. ಒಂದ ಮೈ ಅಲ್ಲೇನು ಅದು."

"ಮತ್ತ ಈ ಕೈ?" ನಾನು ಗೋಡೆ ತೋರಿಸಿದೆ. "ಇದು ಹಸಿ ಐತಲ್ಲ ಚಿಗವ್ವಾ, ಇನ್ನೂ."

ಚಿಗವ್ವ ಎದ್ದು, ತನ್ನ ಸೆರಗಿನ ತುದಿಯಿಂದ ನನ್ನ ಬೆರಳು ಒರೆಸಲು ಬಂದವಳು ಏನೋ ನೆನಪಾದಂತೆ ಸೆರಗನ್ನು ಹಿಂದೆ ತೆಗೆದುಕೊಂಡಳು. ನಾನು ಬೆರಳನ್ನು ಗೋಡೆಗೇ ಒತ್ತಿದೆ. ಸುಣ್ಣದವರು ಮರಳಿ ಬಂದು ಎರಡು ಕೈ ಬಳಿದರು. ಸಂಜೆಯೊಳಗೆ ಹಂಡೆಯನ್ನು ಮತ್ತೆ ಒಲೆಯ ಮೇಲೆ ಕೂರಿಸಿದರು. ಗೋಡೆ ಏನೂ ಇಲ್ಲದಂತೆ ಬೆಳ್ಳಗಾಯಿತು.

ಸುಣ್ಣವಾದ ಮೇಲೆ ಸಿಂಧನೂರಿನಿಂದ ನನ್ನ ಮಗಳು ಕಾವ್ಯಾ ತನ್ನ ಮಗಳು ಸ್ವಾತಿಯನ್ನು ಕರೆದುಕೊಂಡು ಬಂದಳು. ಸ್ವಾತಿಗೆ ಆರು ವರ್ಷ. ಅದು ಅವಳ ಮೈಗೂ ಬಂದಿದೆ. ಸಿಂಧನೂರಿನ ಚರ್ಮದ ಡಾಕ್ಟರು, ಮನೆಯಲ್ಲಿ ಮೊದಲು ಯಾರಿಗಿತ್ತು ಎಂದು ಕೇಳಿದಾಗ ಕಾವ್ಯಾ ನನ್ನ ಹೆಸರು ಹೇಳಿದ್ದಳು. ಅವ್ವನ ಹೆಸರು ಹೇಳಲು ಯಾರಿಗೂ ಗೊತ್ತಿರಲಿಲ್ಲ. ಅವರು ಮುಲಾಮು ಬರೆದುಕೊಟ್ಟು, ಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ, ಮೈ ಹಸಿ ಇರುವಾಗಲೇ ಜಿಡ್ಡು ಹಚ್ಚಿ, ಉಗುರು ಸಣ್ಣ ಇಡಿ ಎಂದಿದ್ದರಂತೆ. ಅವ್ವ ಮಾಡುತ್ತಿದ್ದದ್ದು ಇದನ್ನೇ. ಆರಾಧನೆ ಮುಗಿದ ಮರುದಿನ ಕಾವ್ಯಾ ಅಡುಗೆಮನೆಯಲ್ಲಿ ಸುಮಾಳ ಜೊತೆ ಪಾತ್ರೆ ಎತ್ತಿಡುತ್ತಿದ್ದಳು.

"ಅವ್ವಾ, ಅದೂ ಇದೂ ಏನರ ಹಚ್ಚಿಗಿಚ್ಚೀಯವ್ವ ಆಕಿಗೆ. ಡಾಕ್ಟರ್ ಬೈತಾರ."

"ಬರೀ ಕೊಬ್ಬರೆಣ್ಣಿ. ನಿನ್ನಿ ನನ್ನ ಕೈಗೆ ಹಚ್ಚಿಟ್ಟೀನಿ, ಏನೂ ಆಗಿಲ್ಲ."

ಬಾಯಿಂದ ಆ ಮಾತು ಬಂದ ಮೇಲೆ ಯಾರು ಆಡಿದ್ದು ಎಂದು ನನಗೇ ಒಂದು ಗಳಿಗೆ ತಿಳಿಯಲಿಲ್ಲ.

ಮಧ್ಯಾಹ್ನ ಸ್ವಾತಿಯನ್ನು ಹಳೆಯ ಬಚ್ಚಲಿಗೆ ಕರೆದುಕೊಂಡು ಹೋದೆ. ನೀರು ಹಾಲಿನ ಹದಕ್ಕೆ ಆರಿತ್ತು. ಹೆಸರು ಹಿಟ್ಟು ಸವರಿ, ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ಒತ್ತಿ, ಎಣ್ಣೆ ಹಚ್ಚಿದೆ. ಕುತ್ತಿಗೆ, ಮೊಣಕೈ, ಮೊಣಕಾಲು. ಬೆಳಕಿಂಡಿಯ ಬಿಸಿಲಲ್ಲಿ ಧೂಳು ನಿಂತೇ ಇತ್ತು. ಅಂಗೈಗೆ ಎಣ್ಣೆ ಉಳಿಯಿತು. ಗೋಡೆಯ ಕಡೆ ನೋಡಿದೆ. ಮಗು ಅಂಜೀತು ಎಂದು ಟವೆಲಿಗೆ ಒರೆಸಿಕೊಂಡೆ. ಆ ಪದ್ಧತಿಯ ಒಂದು ಮಾತನ್ನೂ ಆಕೆಯ ಮುಂದೆ ಆಡಲಿಲ್ಲ. ಆಕೆ ಬಂದಾಗಿನಿಂದ ಯಾರೂ ಆಡಿರಲಿಲ್ಲ.

"ಅಮ್ಮಾ, ನೀನೂ ಕೆರಕೊಳ್ಳಾಕತ್ತಿ. ನಿನಗೂ ತುರಸ್ತೈತೇನು?"

"ಹೂಂ, ಸ್ವಲ್ಪ."

"ನಿನಗ ಹಚ್ಚೋರು ಯಾರು?"

ಐವತ್ತು ವರ್ಷ ನಾನು ಅವ್ವನಿಗೆ ಕೇಳದ ಮಾತು ಅದು. ತಮ್ಮ ಮೊಣಕಾಲಿನ ಹಿಂದಕ್ಕೆ ಯಾರ ಕಣ್ಣೂ ಹೋಗುವುದಿಲ್ಲ. ಅವ್ವ ಆ ಸಂದಿನಲ್ಲಿ ನಿಂತು, ಬಾಗಿಲು ಹಾಕಿಕೊಂಡು, ತಡವಿ ತಡವಿ 'ಇಲ್ಲೇ ಇರಬೇಕು' ಎಂದುಕೊಂಡು ಹಚ್ಚಿಕೊಂಡಿರಬೇಕು.

"ಕುಂಡ್ರು ಅಮ್ಮಾ. ನಾ ಹಚ್ತೀನಿ."

ನಾನು ಕಲ್ಲಿನ ಮೇಲೆ ಪಕ್ಕಕ್ಕೆ ತಿರುಗಿ ಕೂತು ಸೀರೆ ಮೇಲೆತ್ತಿದೆ. ಸಣ್ಣ ತಣ್ಣನೆಯ ಬೆರಳುಗಳು ಎಡ ಮೊಣಕಾಲಿನ ಮಡಿಕೆಗೆ ಬಂದವು. ಮೂರು ಚುಕ್ಕೆಗಳ ಮೇಲೆ ನಿಂತವು, ಆಮೇಲೆ ಅವನ್ನು ಬಳಸಿ ಸುತ್ತಲೂ ಹೋದವು. ಉಜ್ಜಲಿಲ್ಲ, ಬರೀ ಸವರಿದಳು. ನನ್ನ ಕಣ್ಣಲ್ಲಿ ನೀರು ಹರಿಯತೊಡಗಿತು. ಆಕೆ ಎಣ್ಣೆಯ ಕೈ ಒರೆಸಿಕೊಳ್ಳಲಿ ಎಂದು ಟವೆಲನ್ನು ಹಿಂದಕ್ಕೆ ಚಾಚಿದೆ. ಸ್ವಾತಿ ಅದನ್ನು ತೆಗೆದುಕೊಳ್ಳಲಿಲ್ಲ. ಎದ್ದು, ಎಣ್ಣೆಯ ಕೈಯನ್ನು ಮುಂದೆ ಹಿಡಿದುಕೊಂಡು, ಹಂಡೆಯನ್ನು ಬಳಸಿ ಆ ಕತ್ತಲ ಸಂದಿಗೆ ಹೋದಳು. ಹೊಸ ಸುಣ್ಣಕ್ಕೆ ಅಂಗೈ ತಾಗಿದ ಸಣ್ಣ ಸದ್ದು ಕೇಳಿತು, ಕೆಳಗೆ, ನನ್ನ ಮೊಣಕಾಲಿನ ಮಟ್ಟದಿಂದ.

ಯಾರು ಹೇಳಿಕೊಟ್ಟರು ಎಂದು ನಾನು ಕೇಳಲಿಲ್ಲ. ಇನ್ನೊಂದು ಕಾಲಿನ ಸೀರೆ ಎತ್ತಿಕೊಂಡು, ಆಕೆ ಮರಳಿ ಬರಲಿ ಎಂದು ಕೂತೆ.